ಬಿಸಿಲ ನಾಡಿನಲ್ಲಿ ಕರಗದ ಬಾಮ್

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರು, ಚಿಂಚೋಳಿ ಕಾಡಿಗೆ ಚಾರಣ ಹೊರಡುವವರು, ಬೀದರ್ ಕೋಟೆಯ ಸುತ್ತ ಬೆಳಗಿನ ಜಾವ ಸೈಕಲ್ ತುಳಿಯುವವರು, ಪೊಲೀಸ್ ಭರ್ತಿಗೆಂದು ಮೈದಾನದಲ್ಲಿ ಓಡುವ ಹುಡುಗ ಹುಡುಗಿಯರು. ಇಂಥವರ ಚರ್ಮಕ್ಕೆ ಒಗ್ಗುವ ನೈಸರ್ಗಿಕ ಪದಾರ್ಥ ಮಾಡಿ ಮಾರಬೇಕು, ಹೇಗೆ ಶುರು ಮಾಡುವುದು ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಐದು ಮಂದಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಕ್ರೀಮು, ಲೋಳೆಸರದ ಜೆಲ್, ಗುಲಾಬಿ ನೀರು, ತುಟಿಗೆ ಹಚ್ಚುವುದು, ಕಾಲಿಗೆ ಹಚ್ಚುವುದು ಎಲ್ಲ ಸೇರಿ ಹತ್ತು ಪದಾರ್ಥ ಮಾಡುವ ಯೋಚನೆಯಿದೆ. ಯಾವುದರಿಂದ ಆರಂಭಿಸಿದರೆ ಒಳ್ಳೆಯದು?
(ಓದುಗರು, ಕಲಬುರಗಿ)

ಉತ್ತರ: ಹತ್ತು ಬೇಡ, ಎರಡೇ ಸಾಕು. ಮೈ ಉಜ್ಜಿ ಹುಣ್ಣಾಗುವ ಜಾಗಕ್ಕೂ ಒಡೆದ ಹಿಮ್ಮಡಿಗೂ ಆಗುವ ಒಂದು ಬಾಮ್, ತುಟಿಗೊಂದು ಬಾಮ್. ಎರಡರಲ್ಲೂ ನೀರಿನ ಹನಿಯೂ ಇರುವುದಿಲ್ಲ. ಅದಕ್ಕೇ ಅವನ್ನು ಮೊದಲು ಮಾಡಿ ಎನ್ನುತ್ತಿದ್ದೇವೆ.

ನೀರಿರುವ ಕಡೆ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕ್ರೀಮು, ಜೆಲ್, ಗುಲಾಬಿ ನೀರು ಎಲ್ಲಕ್ಕೂ ಸರಿಯಾದ ಪ್ರಮಾಣದ ಸಂರಕ್ಷಕ (ಕೆಡದಂತೆ ತಡೆಯುವ ವಸ್ತು), ಪಿಎಚ್ (ಹುಳಿ-ಕ್ಷಾರದ) ಅಳತೆ, ಖನಿಜ ತೆಗೆದ ನೀರು, ಪ್ರಯೋಗಾಲಯದಲ್ಲಿ ಸೂಕ್ಷ್ಮಾಣು ಪರೀಕ್ಷೆ ಬೇಕೇ ಬೇಕು. ಲೋಳೆಸರದ ತಿರುಳಿನಲ್ಲಿ ಶೇ 98ಕ್ಕಿಂತ ಹೆಚ್ಚು ನೀರೇ. ಸಂರಕ್ಷಕವಿಲ್ಲದೆ ಅದನ್ನು ಡಬ್ಬಿಗೆ ತುಂಬಿದರೆ ನಮ್ಮ ಬಿಸಿಲಿಗೆ ಮೂರ್ನಾಲ್ಕು ದಿನದಲ್ಲೇ ಹುಳಿ ವಾಸನೆ ಹೊಡೆಯುತ್ತದೆ. ವಾಸನೆ ಬಾರದೆಯೂ ಕೆಟ್ಟಿರಬಹುದು, ಅದು ಇನ್ನೂ ಅಪಾಯ. ವಿಟಮಿನ್ ಇ ಹಾಕಿದರೆ ಸಾಕು ಎಂದು ಹೇಳುವವರ ಮಾತು ನಂಬಬೇಡಿ. ಅದು ಎಣ್ಣೆ ಕಮಟಾಗುವುದನ್ನು ತಡಮಾಡುತ್ತದೆ ಅಷ್ಟೇ, ಬ್ಯಾಕ್ಟೀರಿಯಾಕ್ಕೆ ಏನೂ ಮಾಡುವುದಿಲ್ಲ.

ಎಣ್ಣೆ, ತುಪ್ಪ (ಹಾಲಿನದಲ್ಲ, ಬೀಜದಿಂದ ತೆಗೆದ ಗಟ್ಟಿ ಜಿಡ್ಡು), ಮೇಣ ಮಾತ್ರ ಇರುವ ಬಾಮಿಗೆ ಆ ಕಾಟವಿಲ್ಲ. ಬೇಕಾದ ಸಾಮಾನೂ ಕಡಿಮೆ: 0.1 ಗ್ರಾಂ ತೂಗುವ ತಕ್ಕಡಿ, 100 ಡಿಗ್ರಿಯವರೆಗೆ ತೋರಿಸುವ ಥರ್ಮಾಮೀಟರ್ ಎರಡು (ಒಂದು ಕೆಟ್ಟರೆ ಇನ್ನೊಂದು), ಒಂದರೊಳಗೊಂದು ಕೂರುವ ಎರಡು ಸ್ಟೀಲ್ ಪಾತ್ರೆ, ಕೊಕ್ಕಿರುವ ಜಗ್ಗು, ಸ್ಟೀಲ್ ಚಮಚ, ಒಂದು ದಫ್ತರ. ತಾಮ್ರ, ಹಿತ್ತಾಳೆ, ಕಬ್ಬಿಣದ ಪಾತ್ರೆ ಬೇಡ. ಅವು ಮೇಣದ ಬಣ್ಣ ಕೆಡಿಸುತ್ತವೆ, ಎಣ್ಣೆಯನ್ನೂ ಬೇಗ ಕಮಟಾಗಿಸುತ್ತವೆ.

ಪ್ರಶ್ನೆ: ಸರ್, ನಮಸ್ಕಾರ್ರಿ. ಮೊಬೈಲ್‌ದಾಗ ನೋಡಿ ಜೇನುಮೇಣ ಒಂದು ಪಾಲು, ಕೊಬ್ಬರಿ ಎಣ್ಣಿ ನಾಕು ಪಾಲು ಹಾಕಿ ಬಾಮ್ ಮಾಡೀನ್ರಿ. ಡಿಸೆಂಬರ್‌ದಾಗ ಛಲೋ ಗಟ್ಟಿ ಇತ್ತು. ಏಪ್ರಿಲ್ ಬಂತಂದ್ರ ಎಲ್ಲಾ ಎಣ್ಣಿ ಆಗಿ ಡಬ್ಬಿ ಹೊರಗ ಹರದದ. ತಿರುಗಿ ಗಟ್ಟಿ ಆದ್ರೂ ಒಳಗ ರವಾ ರವಾ ಆಗ್ಯಾದ. ಏನ್ ತಪ್ಪಾಗ್ಯಾದ್ರಿ?
(ಓದುಗರು, ಶಹಾಪುರ)

ಉತ್ತರ: ನಿಮ್ಮ ಕೈ ತಪ್ಪಿಲ್ಲ, ಆ ಅಳತೆಯೇ ಇಲ್ಲಿಯದಲ್ಲ. ಒಂದಕ್ಕೆ ನಾಲ್ಕು ಎಂಬ ಲೆಕ್ಕ 20-25 ಡಿಗ್ರಿಯ ಕೋಣೆಗೆ ಸರಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಕರಗುತ್ತದೆ. ನಮ್ಮಲ್ಲಿ ವರ್ಷದ ಹೆಚ್ಚಿನ ದಿನ ಅದು ನೀರಾಗಿಯೇ ಇರುತ್ತದೆ. ಅಂದರೆ ಗಟ್ಟಿತನಕ್ಕೆ ಅದರಿಂದ ಏನೂ ಸಹಾಯವಿಲ್ಲ, ಪೂರ್ತಿ ಭಾರ ಮೇಣದ ಮೇಲೆ ಬೀಳುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹೊರಗಿನ ಬಿಸಿ 40 ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ, ಬೈಕಿನ ಡಿಕ್ಕಿಯೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು.

ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ. ಜೊತೆಗೆ ಬೇಕಾದದ್ದು ನಮ್ಮ ಮಲೆನಾಡಿನ ಮುರುಗಲು ತುಪ್ಪ (ಕೋಕಂ ಬಟರ್ ಎಂದು ಕೇಳಿದರೆ ಅಂಗಡಿಯಲ್ಲಿ ಸಿಗುತ್ತದೆ). ಅದು ಕರಗುವುದು 40 ಡಿಗ್ರಿಯ ಆಸುಪಾಸಿನಲ್ಲಿ. ಪರದೇಶದ ಶಿಯಾ ಬಟರ್ ಅದಕ್ಕಿಂತ ಮೆತ್ತಗೆ. ಒಂದು ಕಿಲೋ ಬಾಮಿಗೆ ಈ ಅಳತೆಯಿಂದ ಆರಂಭಿಸಿ:

ಜೇನುಮೇಣ 260 ಗ್ರಾಂ
ಮುರುಗಲು ತುಪ್ಪ 180 ಗ್ರಾಂ
ಎಳ್ಳೆಣ್ಣೆ 330 ಗ್ರಾಂ
ಔಡಲ ಎಣ್ಣೆ 120 ಗ್ರಾಂ
ಕುಸುಬೆ ಎಣ್ಣೆ 100 ಗ್ರಾಂ
ವಿಟಮಿನ್ ಇ (ಟೋಕೋಫೆರಾಲ್) 5 ಗ್ರಾಂ
ಲ್ಯಾವೆಂಡರ್ ಎಣ್ಣೆ 5 ಗ್ರಾಂ, ಬೇಡವಾದರೆ ಅಷ್ಟೇ ಎಳ್ಳೆಣ್ಣೆ

ಎಲ್ಲವನ್ನೂ ತೂಕದಲ್ಲಿ ಹಾಕಿ. ಲೋಟ, ಚಮಚದ ಲೆಕ್ಕ ಬೇಡ. ಎಣ್ಣೆಯ ಒಂದು ಲೋಟ ಒಂದು ತೂಕ, ಮೇಣದ ಚೂರಿನ ಒಂದು ಲೋಟ ಇನ್ನೊಂದು ತೂಕ.

ಕುಸುಬೆಯನ್ನು ನಮ್ಮ ಎರಿ ಹೊಲದಲ್ಲೇ ಬೆಳೆಯುತ್ತಾರೆ, ಗಾಣದಿಂದ ಹಸನಾದ ಎಣ್ಣೆ ಸಿಗುತ್ತದೆ. ಅದನ್ನೇ ಪೂರ್ತಿ ಏಕೆ ಹಾಕಬಾರದು ಎಂದು ಕೇಳಬಹುದು. ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಶೇ 70ಕ್ಕಿಂತ ಹೆಚ್ಚು. ಹಚ್ಚಿದರೆ ಅಂಟುವುದಿಲ್ಲ, ಹಗುರ. ಆದರೆ ಗಾಳಿಗೂ ಬಿಸಿಗೂ ಬೇಗ ಕಮಟಾಗುತ್ತದೆ. ಎಳ್ಳೆಣ್ಣೆಯಲ್ಲಿ ಅದನ್ನು ತಡೆಯುವ ಅಂಶ ಸಹಜವಾಗಿಯೇ ಇದೆ, ಬಹುಕಾಲ ಬಾಳುತ್ತದೆ. ಆದ್ದರಿಂದ ಎಳ್ಳು ಹೆಚ್ಚು, ಕುಸುಬೆ ಕಡಿಮೆ. ಶೇಂಗಾ ಎಣ್ಣೆ ಅಗ್ಗ, ಆದರೆ ಶೇಂಗಾ ಒಗ್ಗದವರು ಇರುತ್ತಾರೆ, ಬಿಡುವುದೇ ವಾಸಿ. ಎಳ್ಳೂ ಕೆಲವರಿಗೆ ಒಗ್ಗುವುದಿಲ್ಲ, ಅದಕ್ಕೇ ಡಬ್ಬಿಯ ಮೇಲೆ ಅದರ ಹೆಸರು ಎದ್ದು ಕಾಣುವಂತಿರಲಿ.

ಮಾಡುವ ಬಗೆ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಪಾತ್ರೆ ಇಡಿ. ನೇರ ಉರಿ ಬೇಡ, ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಸುರಿದು ಆರಿಸಲಾಗದು. ಮುಚ್ಚುವ ತಟ್ಟೆಯೊಂದು ಕೈಗೆ ಸಿಗುವಂತಿರಲಿ. ಮೇಣ ಕರಗಿದ ಮೇಲೆ ಮುರುಗಲು ತುಪ್ಪ ಹಾಕಿ, 75-80 ಡಿಗ್ರಿಯಲ್ಲಿ 20 ನಿಮಿಷ ಇಡಿ. ನಿಮಗಾದ ರವೆ ರವೆಗೆ ಮದ್ದು ಇಲ್ಲಿದೆ: ಮೇಣದ, ತುಪ್ಪದ ಹರಳುಗಳು ಪೂರ್ತಿ ಕರಗದೆ ಉಳಿದರೆ, ಅಥವಾ ಕರಗಿದ್ದು ನಿಧಾನ ತಣಿದರೆ ರವೆ ಕಟ್ಟುತ್ತದೆ. ಮೂರೂ ಎಣ್ಣೆ ಸೇರಿಸಿ. ಎಣ್ಣೆ ತಣ್ಣಗಿದ್ದರೆ ಮೇಣ ಅಂಚಿಗೆ ಕಟ್ಟುತ್ತದೆ, ಗಾಬರಿ ಬೇಡ, ಮತ್ತೆ ಕಾಯಿಸಿದರೆ ಕರಗುತ್ತದೆ. ಉರಿ ಆರಿಸಿ, 65 ಡಿಗ್ರಿಗೆ ಇಳಿದಾಗ ವಿಟಮಿನ್ ಇ ಮತ್ತು ಪರಿಮಳದ ಎಣ್ಣೆ ಹಾಕಿ ಒಂದು ನಿಮಿಷ ಕಲಕಿ, ತಕ್ಷಣ ಡಬ್ಬಿಗೆ ಸುರಿಯಿರಿ. ಇನ್ನೂ ಕಾದರೆ ಜಗ್ಗಿನಲ್ಲೇ ಗಟ್ಟಿಯಾಗತೊಡಗುತ್ತದೆ. ನಡುವೆ ಕುಳಿ ಬಿದ್ದರೆ ಡಬ್ಬಿ ತೀರಾ ತಣ್ಣಗಿತ್ತು ಎಂದರ್ಥ. ಮೊದಲೇ ಡಬ್ಬಿಗಳನ್ನು ಬಿಸಿಲಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ, ಕಡೆಯಲ್ಲಿ ಒಂದಿಷ್ಟು ಬಿಸಿ ಬಾಮ್ ಉಳಿಸಿಕೊಂಡು ಕುಳಿ ತುಂಬಿ. ಸುರಿದ ಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ ಬೇಗ ತಣಿಯಲಿ. ಮುಚ್ಚಳ ಮಾತ್ರ ಪೂರ್ತಿ ತಣಿದ ಮೇಲೆಯೇ. ಬಿಸಿಯಲ್ಲಿ ಮುಚ್ಚಿದರೆ ಬೆವರಿದಂತೆ ಒಳಗೆ ಹನಿ ಕೂಡುತ್ತದೆ, ಆ ಹನಿಯಿಂದಲೇ ಬೂಷ್ಟು.

ಪೂರ್ತಿ ಸುರಿಯುವ ಮುಂಚೆ ಫ್ರಿಜ್ಜಿನಲ್ಲಿಟ್ಟ ಸ್ಟೀಲ್ ಚಮಚದ ಬೆನ್ನಿಗೆ ನಾಲ್ಕು ಹನಿ ಹಾಕಿ ನೋಡಿ. ತಣಿದು, ಕೋಣೆಯ ಬಿಸಿಗೆ ಬಂದ ಮೇಲೆ ಬೆರಳಲ್ಲಿ ಒತ್ತಿ. ಮೆತ್ತಗಿದ್ದರೆ ಮೇಣ 20 ಗ್ರಾಂ ಸೇರಿಸಿ, ಉಗುರಿಗೂ ಬಾರದಷ್ಟು ಗಟ್ಟಿಯಾದರೆ ಎಣ್ಣೆ 20 ಗ್ರಾಂ. ಸೇರಿಸಿದ್ದನ್ನೆಲ್ಲ ದಫ್ತರದಲ್ಲಿ ಬರೆಯಲೇಬೇಕು.

ಇನ್ನು ಬಿಸಿಲ ಪರೀಕ್ಷೆ. ಮೂರು ಡಬ್ಬಿ ತೆಗೆದುಕೊಳ್ಳಿ. ಒಂದು ನೆಟ್ಟಗೆ, ಒಂದು ಅಡ್ಡ, ಒಂದು ತಲೆಕೆಳಗೆ. ಥರ್ಮಾಮೀಟರಿನ ಜೊತೆ ಮುಚ್ಚಿದ ಸ್ಟೀಲ್ ಡಬ್ಬದಲ್ಲಿಟ್ಟು ಮಾಳಿಗೆ ಮೇಲೆ ಬಿಡಿ. ನೆರಳಿಗೆ ಸರಿಸುತ್ತ, ಬಿಸಿಲಿಗೆ ತರುತ್ತ ಒಳಗಿನ ಬಿಸಿ 45 ಡಿಗ್ರಿಯಲ್ಲಿ ನಾಲ್ಕು ಗಂಟೆ ನಿಲ್ಲುವಂತೆ ನೋಡಿಕೊಳ್ಳಿ. ಬಾಮ್ ಮೆತ್ತಗಾಗಬಹುದು, ಹರಿಯಬಾರದು, ಮೇಲೆ ಎಣ್ಣೆ ಬಿಡಬಾರದು. ಹೀಗೆ ಏಳು ದಿನ ಮಾಡಿ. ಆಮೇಲೆ ಒಂದು ಡಬ್ಬಿಯನ್ನು ಬೇಕೆಂದೇ ಪೂರ್ತಿ ಕರಗಿಸಿ, ತಾನಾಗಿ ತಣಿಯಲು ಬಿಟ್ಟು ನೋಡಿ. ಮತ್ತೆ ನುಣ್ಣಗೆ ಕಟ್ಟಿಕೊಂಡರೆ ಆ ಅಳತೆ ಈ ಊರಿಗೆ ಸರಿ. ಕಾರಿನೊಳಗೆ ಯಾವ ಜೇನುಮೇಣದ ಬಾಮೂ ಕರಗಬಹುದು. ಅದಕ್ಕೇ ತಿರುಗಿಸಿ ಮೇಲೆತ್ತುವ ಕೊಳವೆ ಬೇಡ, ತಿರುಪು ಮುಚ್ಚಳದ ಅಲ್ಯೂಮಿನಿಯಂ ಡಬ್ಬಿ ಇರಲಿ. ಕರಗಿದರೂ ಒಳಗೇ ಇರುತ್ತದೆ.

ತುಟಿಯ ಬಾಮಿಗೆ ಇದೇ ಪದ್ಧತಿ. ಕಿಲೋಗೆ ಮೇಣ 300, ಮುರುಗಲು ತುಪ್ಪ 200, ಔಡಲ ಎಣ್ಣೆ 200, ಎಳ್ಳೆಣ್ಣೆ 295, ವಿಟಮಿನ್ ಇ 5 ಗ್ರಾಂ. ಗಾಣದ ಎಳ್ಳೆಣ್ಣೆಯ ವಾಸನೆ ತುಟಿಗೆ ಹಿಡಿಸದಿದ್ದರೆ ಶುದ್ಧೀಕರಿಸಿದ್ದನ್ನು ಬಳಸಿ. ದಾಲ್ಚಿನ್ನಿ, ಲವಂಗದ ಎಣ್ಣೆ ತುಟಿಗೆ ಹಾಕಲೇಬೇಡಿ, ಉರಿ ಬರುತ್ತದೆ.

ಪ್ರಶ್ನೆ: ಸೈಕಲ್ ಸವಾರರ ಗುಂಪು ನಮ್ಮದು. ಜಿಂಕ್ ಆಕ್ಸೈಡ್ ಪುಡಿ, ಕೊಬ್ಬರಿ ಎಣ್ಣೆ, ಗಜ್ಜರಿ (ಕ್ಯಾರೆಟ್) ಬೀಜದ ಎಣ್ಣೆ ಸೇರಿಸಿ ಎಸ್‌ಪಿಎಫ್ (ಬಿಸಿಲಿನಿಂದ ರಕ್ಷಣೆಯ ಅಂಕಿ) 30ರ ಸನ್‌ಸ್ಕ್ರೀನ್ ಮಾಡಬಹುದು ಎಂದು ಓದಿದ್ದೇವೆ. ಅದನ್ನೇ ಮೊದಲ ಪದಾರ್ಥವಾಗಿ ತಂದರೆ ಹೇಗೆ?
(ಓದುಗರು, ಬೀದರ್)

ಉತ್ತರ: ದಯವಿಟ್ಟು ಬೇಡ. ಈ ಉದ್ಯಮದಲ್ಲಿ ಮನೆಯಲ್ಲಿ ಮಾಡಬಾರದ ಒಂದೇ ವಸ್ತು ಹೇಳಿ ಎಂದರೆ ಇದನ್ನೇ ಹೇಳುತ್ತೇವೆ. ಜಿಂಕ್ ಆಕ್ಸೈಡಿನ ಕಣಗಳು ಕೈಯಲ್ಲಿ ಕಲಕಿದರೆ ಗಂಟು ಕಟ್ಟುತ್ತವೆ. ಕಣ್ಣಿಗೆ ನುಣ್ಣಗೆ ಕಂಡರೂ ಚರ್ಮದ ಮೇಲೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಏನೂ ಇಲ್ಲ. ಹಚ್ಚಿಕೊಂಡವರು ರಕ್ಷಣೆ ಇದೆ ಎಂದು ನಂಬಿ ಮಧ್ಯಾಹ್ನದ ಬಿಸಿಲಲ್ಲಿ ಮೂರು ಗಂಟೆ ಹೆಚ್ಚೇ ನಿಲ್ಲುತ್ತಾರೆ. ಎಸ್‌ಪಿಎಫ್ ಎಂಬ ಅಂಕಿ ಪಾಕದ ಲೆಕ್ಕದಿಂದ ಬರುವುದಲ್ಲ. ಒಂದು ಚದರ ಸೆಂ.ಮೀ.ಗೆ 2 ಮಿ.ಗ್ರಾಂ ಹಚ್ಚಿ, ಪ್ರಯೋಗಾಲಯದಲ್ಲಿ ಅಳೆದು ಬರುವಂಥದ್ದು. ಆ ಪರೀಕ್ಷೆಯ ವರದಿ ಕೈಯಲ್ಲಿಲ್ಲದೆ ಡಬ್ಬಿ ಮೇಲೆ 30 ಎಂದು ಬರೆಯುವುದು ಸುಳ್ಳು. ಕೊಬ್ಬರಿ ಎಣ್ಣೆಯಾಗಲಿ ಗಜ್ಜರಿ ಬೀಜದ ಎಣ್ಣೆಯಾಗಲಿ ಸನ್‌ಸ್ಕ್ರೀನಿನ ಜಾಗಕ್ಕೆ ಬರುವುದಿಲ್ಲ.

ಇನ್ನೊಂದು ಮಾತು ಸವಾರರಿಗೆ ಮುಖ್ಯ. ನಿಂಬೆ, ಅದೇ ಜಾತಿಯ ಬರ್ಗಮಾಟ್ ಹಣ್ಣಿನ ಸಿಪ್ಪೆಯಿಂದ ಒತ್ತಿ ತೆಗೆದ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಕಪ್ಪಾಗಿ ಬೊಕ್ಕೆ ಏಳುವುದುಂಟು. ಆ ಎಣ್ಣೆಗಳಲ್ಲಿರುವ ಫ್ಯೂರೊಕೂಮರಿನ್ ಎಂಬ ಅಂಶ ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಕೆರಳುತ್ತದೆ. ಬಯಲಲ್ಲಿ ಇರುವವರಿಗೆಂದು ಮಾಡುವ ಯಾವ ಬಾಮಿಗೂ ನಿಂಬೆಯ ಎಣ್ಣೆ ಬೇಡ.

ನಿಮ್ಮ ಗುಂಪಿಗೆ ಬೇಕಾದದ್ದು ಸೀಟಿನ ಮೇಲೆ ತೊಡೆ ಸಂದು ಉಜ್ಜದಂತೆ ಹಚ್ಚುವ ಬಾಮ್. ಮೇಲೆ ಮೊದಲು ಕೊಟ್ಟ ಒಂದು ಕಿಲೋ ಅಳತೆಯಲ್ಲೇ ಎಳ್ಳೆಣ್ಣೆ 80 ಗ್ರಾಂ ಕಡಿಮೆ ಮಾಡಿ, ಅಷ್ಟೇ ಆರೋರೂಟ್ (ಕೂವೆ ಗೆಡ್ಡೆಯ) ಪುಡಿ ಜರಡಿ ಹಿಡಿದು ಹಾಕಿದರೆ ಜಿಡ್ಡು ಕಡಿಮೆಯಾಗಿ ಜಾರಿಕೆ ಚೆನ್ನಾಗಿ ಬರುತ್ತದೆ. ಪುಡಿ ತಳಕ್ಕೆ ಕೂರುತ್ತದೆ, ಆದ್ದರಿಂದ ಡಬ್ಬಿಗೆ ಸುರಿಯುವವರೆಗೂ ಕಲಕುತ್ತಲೇ ಇರಬೇಕು. ಬಿಸಿಲಿಗೆ ತುಂಬು ತೋಳಿನ ಅಂಗಿ, ತಲೆಗೆ ಕೊರಳಿಗೆ ರುಮಾಲು, ಜೊತೆಗೆ ಪರೀಕ್ಷೆಯಾದ ಸನ್‌ಸ್ಕ್ರೀನ್ ಕೊಂಡು ಹಚ್ಚಿ. ಬಿಸಿಲಿಗೆ ಸುಟ್ಟ ಚರ್ಮಕ್ಕೆ ಒಡನೆ ಬಾಮ್ ಹಚ್ಚಬೇಡಿ, ಎಣ್ಣೆ ಮೇಣದ ಪದರ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಮೊದಲು ತಣ್ಣೀರಿನ ಬಟ್ಟೆ. ಉರಿ ಇಳಿದ ಮೇಲಷ್ಟೇ ಬಾಮ್.

ಪ್ರಶ್ನೆ: ಬೇವಿನ ಸೊಪ್ಪು, ಲೋಳೆಸರ, ಹಸಿ ಅರಿಶಿಣ ಎಣ್ಣೆಗೆ ಹಾಕಿ ಬಿಸಿಲಲ್ಲಿ 15 ದಿನ ಇಟ್ಟೆ. ತಳದಲ್ಲಿ ಬಿಳಿ ಲೋಳೆ ಕಟ್ಟಿ, ಮೇಲೆ ಬೂಷ್ಟು ಬಂತು. ಗಿಡಮೂಲಿಕೆ ಸೇರಿಸುವುದು ಹೇಗೆ?
(ಓದುಗರು, ಆಳಂದ)

ಉತ್ತರ: ಹಸಿ ಸೊಪ್ಪಿನ ಜೊತೆ ನೀರನ್ನೇ ಎಣ್ಣೆಗೆ ಹಾಕಿದ್ದೀರಿ. ಬಿಸಿಲಲ್ಲಿಟ್ಟದ್ದು ಇನ್ನೊಂದು ತಪ್ಪು, ಬೆಳಕು ಎಣ್ಣೆಯನ್ನು ಕಮಟು ಮಾಡುತ್ತದೆ. ಸೊಪ್ಪನ್ನು ನೆರಳಲ್ಲಿ, ಹಿಡಿದರೆ ಪಟಪಟ ಮುರಿಯುವಷ್ಟು ಒಣಗಿಸಿ. ಮುರಿಯದೆ ಬಾಗಿದರೆ ಇನ್ನೂ ನೀರಿದೆ. ಒಣಗಿದ ಮೇಲೆ 100 ಗ್ರಾಂ ಮೂಲಿಕೆಗೆ ಒಂದು ಕಿಲೋ ಎಳ್ಳೆಣ್ಣೆ ಹಾಕಿ, ನೀರಿನ ಪಾತ್ರೆಯಲ್ಲಿಟ್ಟು 60 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಬಿಡಿ. ಹತ್ತಿ ಬಟ್ಟೆಯಲ್ಲಿ ಸೋಸಿ, ಒಂದು ರಾತ್ರಿ ತಿಳಿಯಲು ಬಿಟ್ಟು, ತಳದ ಗಸಿ ಬಿಟ್ಟು ಮೇಲಿನ ಎಣ್ಣೆ ಮಾತ್ರ ತೆಗೆದುಕೊಳ್ಳಿ. ಹಿಂಡಬೇಡಿ, ಹಿಂಡಿದರೆ ಸೊಪ್ಪಿನ ಪುಡಿಯೂ ಉಳಿದ ತೇವವೂ ಬರುತ್ತವೆ.

ಅರಿಶಿಣ ಬಿಡುವುದೇ ಒಳ್ಳೆಯದು. ಬೆವರಿದಾಗ ಅಂಗಿಗೆ ಹಳದಿ ಕಲೆ ಬೀಳುತ್ತದೆ, ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಬೇವು ಹಾಕಿದರೂ ವಾಸನೆಗೆ ಒಗ್ಗುವಷ್ಟೇ ಇರಲಿ. ಲೋಳೆಸರ ಎಣ್ಣೆಯಲ್ಲಿ ಕರಗುವುದೇ ಇಲ್ಲ. ಅದನ್ನು ಎಣ್ಣೆಯ ಬಾಮಿಗೆ ಸೇರಿಸಬೇಡಿ.

ಪ್ರಶ್ನೆ: ಜೇನು ಇಳಿಸುವವರಿಂದ ಹಸಿ ಮೇಣ ಸಿಗುತ್ತದೆ. ನೇರವಾಗಿ ಬಳಸಬಹುದೇ? ಬೆರಕೆ ತಿಳಿಯುವುದು ಹೇಗೆ?
(ಓದುಗರು, ಚಿಂಚೋಳಿ)

ಉತ್ತರ: ನೇರವಾಗಿ ಬೇಡ. ಸ್ಟೀಲ್ ಪಾತ್ರೆಯಲ್ಲಿ ಮೇಣದ ಎರಡರಷ್ಟು ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ದಪ್ಪ ಹತ್ತಿ ಬಟ್ಟೆಯಲ್ಲಿ ಸೋಸಿ, ಅಲುಗಿಸದೆ ರಾತ್ರಿಯಿಡೀ ತಣಿಯಲು ಬಿಡಿ. ಬೆಳಿಗ್ಗೆ ಮೇಣದ ಬಿಲ್ಲೆ ಮೇಲೆ ತೇಲುತ್ತಿರುತ್ತದೆ, ಅದರ ತಳಕ್ಕೆ ಕಂದು ಗಸಿ ಅಂಟಿರುತ್ತದೆ. ಚಾಕುವಿನಿಂದ ಹೆರೆದು ತೆಗೆಯಿರಿ. ಇದನ್ನು ಎರಡು ಸಲ ಮಾಡಿ. ಮೂರನೆಯ ಸಲ ನೀರಿಲ್ಲದೆ, ಬಿಸಿ ನೀರಿನ ಪಾತ್ರೆಯೊಳಗಿಟ್ಟು 80 ಡಿಗ್ರಿಯಲ್ಲಿ ಗುಳ್ಳೆ ನಿಲ್ಲುವವರೆಗೂ ಇಟ್ಟರೆ ಉಳಿದ ನೀರು ಹೋಗುತ್ತದೆ. ಬೋರ್‌ವೆಲ್ಲಿನ ಗಡಸು ನೀರು ಮೇಣವನ್ನು ಮಂಕು ಮಾಡುತ್ತದೆ, ಮಳೆನೀರು ಅಥವಾ ಫಿಲ್ಟರ್ ನೀರು ಬಳಸಿ.

ಬೆರಕೆಯ ಸುಳಿವನ್ನು ಥರ್ಮಾಮೀಟರ್ ಕೊಡುತ್ತದೆ. ಸಣ್ಣ ಚೂರನ್ನು ನಿಧಾನ ಕಾಯಿಸಿ ನೋಡಿ. 62ಕ್ಕಿಂತ ಬಹಳ ಕೆಳಗೇ, 55ರ ಸುತ್ತ ಕರಗಿದರೆ ಪ್ಯಾರಾಫಿನ್ ಬೆರೆತಿರುವ ಸಂಶಯವಿದೆ. ಒಳ್ಳೆಯ ಮೇಣವನ್ನು ಬೆರಳಲ್ಲಿ ಒತ್ತಿ ನಾದಿದರೆ ಮೆತ್ತಗಾಗಿ ಕೂಡಿಕೊಳ್ಳುತ್ತದೆ, ಜೇನಿನ ವಾಸನೆ ಇರುತ್ತದೆ. ಹಳತಾದಂತೆ ಮೇಲೆ ಬೂದಿಯಂಥ ಬಿಳಿ ಪದರ ಬರುವುದು ಕೆಡುಕಲ್ಲ, ಒರೆಸಿದರೆ ಹೋಗುತ್ತದೆ. ಗೂಡನ್ನು ಸುಟ್ಟು ತೆಗೆದ ಮೇಣ ಹೊಗೆ ವಾಸನೆ ಬಿಡುವುದೇ ಇಲ್ಲ, ಕೊಳ್ಳಬೇಡಿ. ಅಭಯಾರಣ್ಯದೊಳಗಿನ ಗೂಡಿನದಾಗಿದ್ದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಮುಟ್ಟಬೇಡಿ.

ಪ್ರಶ್ನೆ: ನಿಂಬೆಹುಲ್ಲಿನ ಎಣ್ಣೆ ಹಾಕಿ ‘ಸೊಳ್ಳೆ ಓಡಿಸುವ ಬಾಮ್’ ಎಂದು ಮಾರಬಹುದೇ?
(ಓದುಗರು, ಸುರಪುರ)

ಉತ್ತರ: ಆ ಮಾತು ಬರೆದ ಕ್ಷಣ ಅದು ಸೌಂದರ್ಯ ಸಾಮಗ್ರಿಯಾಗಿ ಉಳಿಯುವುದಿಲ್ಲ. ಸೊಳ್ಳೆ ನಿವಾರಕಗಳು 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಯಾಗಬೇಕು. ಸಣ್ಣ ಘಟಕಕ್ಕೆ ಅದು ಎಟಕುವುದಿಲ್ಲ. ಪರಿಮಳಕ್ಕೆಂದು ಹಾಕುವುದಾದರೆ ಕಿಲೋಗೆ 5 ಗ್ರಾಂ ಮೀರಬೇಡಿ, ಸೊಳ್ಳೆಯ ಹೆಸರೆತ್ತಬೇಡಿ.

ಪ್ರಶ್ನೆ: ಮನೆಯ ಅಡುಗೆಮನೆಯಲ್ಲಿ ಮಾಡಿ ಜಾತ್ರೆಯಲ್ಲಿ ಮಾರಲು ಲೈಸೆನ್ಸ್ ಬೇಕೇ? ಸಾಲ, ಸಬ್ಸಿಡಿ ಎಲ್ಲಿ ಸಿಗುತ್ತದೆ?
(ಓದುಗರು, ಬಸವಕಲ್ಯಾಣ)

ಉತ್ತರ: ಬೇಕು. ಎಷ್ಟೇ ಸಣ್ಣದಿರಲಿ, ಮಾರಾಟಕ್ಕೆಂದು ಮಾಡಿದರೆ ಬೇಕು. 1940ರ ಔಷಧ ಮತ್ತು ಸೌಂದರ್ಯ ಸಾಮಗ್ರಿ ಕಾಯ್ದೆ ಹಾಗೂ 2020ರ ಸೌಂದರ್ಯ ಸಾಮಗ್ರಿ ನಿಯಮಗಳು ಇದನ್ನು ನೋಡಿಕೊಳ್ಳುತ್ತವೆ. ‘ಉದ್ಯಮ್’ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ, ಅಂಗಡಿ ಲೈಸೆನ್ಸ್, ಆಹಾರದ ಎಫ್‌ಎಸ್‌ಎಸ್‌ಎಐ ನೋಂದಣಿ ಇದ್ದರೆ ಸಾಕು ಎಂದುಕೊಂಡು ಎಷ್ಟೋ ಮಂದಿ ಸಿಕ್ಕಿಬೀಳುತ್ತಾರೆ. ಅವು ಯಾವುವೂ ತಯಾರಿಕೆಯ ಪರವಾನಗಿಗೆ ಸಮವಲ್ಲ.

ದಾರಿ ಎರಡು. ಮೊದಲನೆಯದು ಸ್ವಂತ ಘಟಕ: ನಮೂನೆ ಸಿಒಎಸ್-5ರಲ್ಲಿ ರಾಜ್ಯದ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ, ಸಿಗುವ ಪರವಾನಗಿ ಸಿಒಎಸ್-8. ಅಡುಗೆಮನೆ ನಡೆಯದು, ಬೇರೆಯದೇ ಕೋಣೆ ಬೇಕು. ತೊಳೆಯಬಹುದಾದ ನೆಲ ಮತ್ತು ಗೋಡೆ, ಕಿಟಕಿಗೆ ಜಾಳಿಗೆ, ಕಚ್ಚಾ ಸಾಮಾನಿಗೂ ಸಿದ್ಧ ಡಬ್ಬಿಗೂ ಬೇರೆ ಬೇರೆ ಜಾಗ, ಕೈ ತೊಳೆಯುವ ವ್ಯವಸ್ಥೆ. ತಯಾರಿಕೆ ನೋಡಿಕೊಳ್ಳಲು ಅರ್ಹತೆ ಇರುವವರೊಬ್ಬರು ಇರಲೇಬೇಕು. ಫಾರ್ಮಸಿ ಡಿಪ್ಲೊಮಾ ಆದವರು ಆಗುತ್ತಾರೆ, ರಸಾಯನಶಾಸ್ತ್ರ ಓದಿ ಪಿಯುಸಿ ಪಾಸಾದವರೂ ಆಗುತ್ತಾರೆ. ನಿಮ್ಮ ಸಂಘದಲ್ಲಿ ಅಂಥ ಹೆಣ್ಣುಮಗಳು ಒಬ್ಬಳಿದ್ದರೆ ದೊಡ್ಡ ಖರ್ಚು ಉಳಿಯಿತು.

ಎರಡನೆಯದು ಸಾಲದ ಪರವಾನಗಿ (ಲೋನ್ ಲೈಸೆನ್ಸ್): ಈಗಾಗಲೇ ಪರವಾನಗಿ ಇರುವ ಬೇರೆಯವರ ಘಟಕದಲ್ಲಿ ನಿಮ್ಮ ಅಳತೆಯ ಪದಾರ್ಥ ಮಾಡಿಸುವುದು. ಅರ್ಜಿ ಸಿಒಎಸ್-6, ಪರವಾನಗಿ ಸಿಒಎಸ್-9. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿ ಮಾಡಿಸುವುದಾದರೆ ಅರ್ಜಿ ಆ ರಾಜ್ಯದ ಪ್ರಾಧಿಕಾರಕ್ಕೆ ಹೋಗುತ್ತದೆ. ಕೈಯಲ್ಲಿ ಬಂಡವಾಳ ಕಡಿಮೆ ಇದ್ದವರಿಗೆ, ಮಾಲು ಹೋಗುತ್ತದೋ ಇಲ್ಲವೋ ನೋಡಬೇಕೆನ್ನುವವರಿಗೆ ಎರಡನೆಯದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆದರೆ ಬಿಸಿಲ ಪರೀಕ್ಷೆಯನ್ನು ನೀವೇ ಮಾಡಬೇಕು. ಅಲ್ಲಿಯ ಎಸಿ ಕೋಣೆಯಲ್ಲಿ ಗಟ್ಟಿ ಕಂಡದ್ದು ಯಾದಗಿರಿಯ ಸಂತೆಯಲ್ಲಿ ನಿಲ್ಲಬೇಕಲ್ಲ.

ಡಬ್ಬಿಯ ಮೇಲೆ ಇರಬೇಕಾದದ್ದು: ಪದಾರ್ಥದ ಹೆಸರು, ತಯಾರಿಸಿದವರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ (ಒಂದೇ ಸಲ ಮಾಡಿದ ಮಾಲಿನ) ಸಂಖ್ಯೆ, ನಿವ್ವಳ ತೂಕ, ತಯಾರಿಸಿದ ತಿಂಗಳು-ವರ್ಷ, ಬಳಸಬಹುದಾದ ಕೊನೆಯ ತಿಂಗಳು, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ಗ್ರಾಹಕರು ಕರೆಯುವ ನಂಬರು, ಹೆಚ್ಚು ಇರುವುದರಿಂದ ಕಡಿಮೆ ಇರುವುದಕ್ಕೆ ಇಳಿಯುವ ಕ್ರಮದಲ್ಲಿ ಒಳಪದಾರ್ಥಗಳ ಪಟ್ಟಿ. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೇಕು. ಕಾಗದದ ಲೇಬಲ್ ಎಣ್ಣೆ ಹೀರಿ ಒಂದೇ ವಾರದಲ್ಲಿ ಏಳುತ್ತದೆ, ಪ್ಲಾಸ್ಟಿಕ್ ಹಾಳೆಯದು ಮಾಡಿಸಿ. ಬ್ಯಾಚ್ ಸಂಖ್ಯೆಯ ಶಾಯಿ ಎಣ್ಣೆಗೈಗೆ ಅಳಿಸುವುದೋ ಎಂದು ಉಜ್ಜಿ ನೋಡಿ.

ಬರೆಯಬಾರದ್ದೂ ಇದೆ. ‘ಹುಣ್ಣು ಮಾಯುತ್ತದೆ’, ‘ಗಜಕರ್ಣ ಹೋಗುತ್ತದೆ’, ‘ಕೀಲುನೋವಿಗೆ ರಾಮಬಾಣ’ ಇವೆಲ್ಲ ಔಷಧದ ಮಾತು. ‘ಆಯುರ್ವೇದಿಕ್’ ಎಂದು ಹಾಕಿದರೆ ಆಯುಷ್ ಇಲಾಖೆಯ ಬೇರೆ ಪರವಾನಗಿ ಬೇಕು. ‘ಚರ್ಮವನ್ನು ಮೆತ್ತಗಿಡುತ್ತದೆ, ಉಜ್ಜುವಿಕೆ ತಗ್ಗಿಸುತ್ತದೆ’ ಎಂದಷ್ಟೇ ಬರೆಯಿರಿ. ಬಾಮ್ ಮಾಡುವ ಕೆಲಸವೂ ಅಷ್ಟೇ.

ಹಣಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ) ಯೋಜನೆ ಕೇಳಿ. ಅದರ ನಿಯಮದಂತೆ ತಯಾರಿಕಾ ಘಟಕಕ್ಕೆ 50 ಲಕ್ಷ ರೂ. ವರೆಗಿನ ಯೋಜನೆಗೆ ಅವಕಾಶವಿದೆ. ಹಳ್ಳಿಯಲ್ಲಿ ಘಟಕ ಹಾಕುವ ಮಹಿಳೆಯರಿಗೆ ಸಬ್ಸಿಡಿ ಶೇ 35, ಸ್ವಂತ ಪಾಲು ಶೇ 5. ನಗರದಲ್ಲಾದರೆ ಸಬ್ಸಿಡಿ ಶೇ 25. ಪಿಎಂಎಫ್‌ಎಂಇ ಎಂಬ ಇನ್ನೊಂದು ಕೇಂದ್ರ ಯೋಜನೆ ಆಹಾರ ಸಂಸ್ಕರಣೆಗೆ ಮಾತ್ರ, ಬಾಮಿಗೆ ಸಿಗದು. ‘ಉದ್ಯಮ್’ ನೋಂದಣಿ ಉಚಿತ, ಅದಕ್ಕೆ ದುಡ್ಡು ಕೇಳುವವರಿಗೆ ಕೊಡಬೇಡಿ.

ಪ್ರಶ್ನೆ: 30 ಗ್ರಾಂ ಡಬ್ಬಿಗೆ ಎಷ್ಟು ಬೆಲೆ ಇಡಬೇಕು? ಸಾಮಾನಿನ ಖರ್ಚಿನ ಎರಡರಷ್ಟು ಇಟ್ಟರೆ ಸಾಕೇ?
(ಓದುಗರು, ಸೇಡಂ)

ಉತ್ತರ: ಸಾಲದು. ಹಾಗೆ ಇಟ್ಟವರು ಮಾರಿದಷ್ಟೂ ಕಳೆದುಕೊಳ್ಳುತ್ತಾರೆ. ಲೆಕ್ಕ ತಿಳಿಯಲೆಂದು ಕೆಲವು ಅಂಕಿ ಹಿಡಿಯೋಣ, ನಿಮ್ಮ ಬಿಲ್ಲಿನ ಅಂಕಿ ಅಲ್ಲಿ ಹಾಕಿಕೊಳ್ಳಿ. ಒಳಪದಾರ್ಥ ಕಿಲೋಗೆ 700 ರೂ. ಎಂದರೆ 30 ಗ್ರಾಮಿಗೆ 21. ಪಾತ್ರೆಗೆ ಅಂಟಿ ಹೋಗುವುದು ಸೇರಿ 22. ಡಬ್ಬಿ 14, ಲೇಬಲ್ 4, ರಟ್ಟಿನ ಪೆಟ್ಟಿಗೆ 5. ಇಬ್ಬರು ಒಂದು ದಿನಕ್ಕೆ 120 ಡಬ್ಬಿ ಮಾಡಿ 1,200 ರೂ. ಕೂಲಿ ಪಡೆದರೆ ಡಬ್ಬಿಗೆ 10. ಗ್ಯಾಸು, ಶುಚಿ 3. ಪರೀಕ್ಷೆ, ಪರವಾನಗಿಯ ಪಾಲು 8. ಒಟ್ಟು 66 ರೂ.

ಎಂಆರ್‌ಪಿ 150 ಇಟ್ಟಿರಿ ಎನ್ನಿ. ಶೇ 18 ಜಿಎಸ್‌ಟಿ ಒಳಗೊಂಡಿದ್ದರೆ ಉಳಿಯುವುದು 127. ಅಂಗಡಿಯವರು ಶೇ 30 ತೆಗೆದುಕೊಂಡರೆ ನಿಮ್ಮ ಕೈಗೆ 89, ಅಂದರೆ ಲಾಭ 23. ಅದರಲ್ಲೇ ಒಡೆದದ್ದು, ಹಿಂದಿರುಗಿದ್ದು, ಸಾಗಣೆ. ನೇರವಾಗಿ ಮಾರಿದರೆ ಅದೇ ಡಬ್ಬಿಯಲ್ಲಿ 61 ಉಳಿಯುತ್ತದೆ. ಹೊಸಬರು ಮೊದಲ ವರ್ಷ ಅಂಗಡಿಗೆ ಕೊಡುವುದಕ್ಕಿಂತ ಸೈಕಲ್ ಗುಂಪು, ಓಟದ ಮೈದಾನ, ಪಾದಯಾತ್ರೆ ಹೊರಡುವ ಊರುಗಳಲ್ಲಿ ಕೈಗೆ ಕೈ ಮಾರುವುದು ಮೇಲು. ಪಾದಯಾತ್ರಿಗಳಿಗೆ ಮಾರುವ ಮಾಲು ಶಿವರಾತ್ರಿಯ ಹೊತ್ತಿಗೇ ಸಿದ್ಧವಿರಲಿ. ಹಿಮ್ಮಡಿಯ ಬಾಮಿಗೆ ತೊಗರಿ ಕೊಯ್ಲಿನ ಡಿಸೆಂಬರ್-ಜನವರಿ ಸುಗ್ಗಿ, ಬೀದರ್ ಚಳಿಗೆ ಬೇಡಿಕೆ ಇನ್ನೂ ಹೆಚ್ಚು. ಮೇ ತಿಂಗಳಲ್ಲಿ ಕೊರಿಯರ್ ಕಳಿಸುವುದಾದರೆ ಸಂಜೆ ಕೊಡಿ, ಡಬ್ಬಿಯ ಕಂಠಕ್ಕೆ ಟೇಪು ಸುತ್ತಿ, ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.

ತೆರಿಗೆಯ ಬಗ್ಗೆ ಒಂದು ಮಾತು. ರಾಜ್ಯದೊಳಗೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸೇಡಂನಿಂದ ತಾಂಡೂರು ಹತ್ತಿರವೇ, ಆದರೆ ಗಡಿ ದಾಟಿ ತೆಲಂಗಾಣದ ಅಂಗಡಿಗೆ ಮಾಲು ಕೊಟ್ಟರೆ ಮೊದಲ ಡಬ್ಬಿಗೇ ನೋಂದಣಿ ಬೇಕು.

ಪ್ರಶ್ನೆ: ಪರಿಚಯದವರಿಗೆ ಕೊಟ್ಟ ಬಾಮಿನಿಂದ ಒಬ್ಬರಿಗೆ ತುರಿಕೆ, ಕೆಂಪು ಗುಳ್ಳೆ ಬಂತು. ಎಲ್ಲವೂ ನೈಸರ್ಗಿಕವೇ ಇತ್ತು. ಹೀಗೇಕೆ?
(ಓದುಗರು, ಯಾದಗಿರಿ)

ಉತ್ತರ: ನೈಸರ್ಗಿಕವಾದದ್ದು ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಹೆಚ್ಚಿನ ಸಲ ಕಾರಣ ಪರಿಮಳದ ಎಣ್ಣೆ. ಹನಿ ಲೆಕ್ಕದಲ್ಲಿ ಹಾಕಿದರೆ ಒಂದು ಸಲ 5 ಗ್ರಾಂ, ಇನ್ನೊಂದು ಸಲ 12 ಗ್ರಾಂ ಆಗಿಬಿಡುತ್ತದೆ. ಕಮಟಾದ ಎಣ್ಣೆಯೂ ಚರ್ಮ ಕೆರಳಿಸುತ್ತದೆ. ಗೋಡೆ ಬಣ್ಣ ಅಥವಾ ಹಳೆ ಶೇಂಗಾದ ವಾಸನೆ ಬಂದರೆ ಆ ಎಣ್ಣೆ ಬಿಸಾಡಿ. ಬೆವರು ನಿಂತ ತೊಡೆ ಸಂದಿಯಲ್ಲಿ ಬಾಮಿನ ಪದರದಡಿ ಶಿಲೀಂಧ್ರವೂ ಬೆಳೆಯುತ್ತದೆ, ಅದಕ್ಕೆ ತೊಳೆದು ಒರೆಸಿ ಒಣಗಿದ ಮೇಲಷ್ಟೇ ಹಚ್ಚಬೇಕು. ಈ ಸಾಲು ಡಬ್ಬಿಯ ಮೇಲೆ ಬರಲಿ. ಒಡೆದ ಗಾಯಕ್ಕೆ ಹಚ್ಚಬಾರದು ಎಂಬುದೂ ಬರಲಿ. ಸಕ್ಕರೆ ಕಾಯಿಲೆ ಇರುವ ಪಾದಯಾತ್ರಿಗಳಿಗೆ ಕಾಲಲ್ಲಿ ಬೊಕ್ಕೆ ಎದ್ದರೆ ಬಾಮ್ ಬೇಡ, ವೈದ್ಯರಿಗೆ ತೋರಿಸಬೇಕು. ಮಾರುವಾಗ ಬಾಯಿಬಿಟ್ಟು ಹೇಳಿ.

ಹೊಸ ಗಿರಾಕಿಗೆ ಮೊಣಕೈ ಒಳಮಡಿಕೆಯಲ್ಲಿ ಕಡಲೆಕಾಳಿನಷ್ಟು ಹಚ್ಚಿ 24 ಗಂಟೆ ನೋಡಲು ತಿಳಿಸಿ. ಪ್ರತಿ ಬ್ಯಾಚಿನ ಎರಡು ಡಬ್ಬಿ ಮಾರದೆ ತೆಗೆದಿಡಿ, ಮೇಲೆ ಅಂಟಿಸಿದ ಅವಧಿ ಮುಗಿಯುವವರೆಗೂ. ದೂರು ಬಂದ ದಿನ ಆ ಬ್ಯಾಚಿನ ಮಾರಾಟ ನಿಲ್ಲಿಸಿ, ತೆಗೆದಿಟ್ಟ ಡಬ್ಬಿ ಮೂಸಿ, ದಫ್ತರದಲ್ಲಿ ಆ ದಿನದ ತೂಕ ನೋಡಿ. ನೀವು ಹೇಳಿದ ಬ್ಯಾಚಿಗೆ ಹಾಗೊಂದು ಬರಹವೇ ಇಲ್ಲದಿದ್ದರೆ ಉಳಿದ ಡಬ್ಬಿಗಳನ್ನೆಲ್ಲ ವಾಪಸ್ ತರಿಸಿಕೊಂಡು, ಮೊದಲು 200 ಗ್ರಾಮಿನಷ್ಟು ಪರಿಮಳವಿಲ್ಲದ ಬಾಮ್ ಮಾಡಿ ಅದೇ ವ್ಯಕ್ತಿಯ ಗುಳ್ಳೆ ಪೂರ್ತಿ ಹೋದ ಮೇಲೆ, ಅವರು ಒಪ್ಪಿದರೆ, ಮೊಣಕೈ ಮಡಿಕೆಯಲ್ಲಿ ಹಚ್ಚಿ ನೋಡಿ. ಏನೂ ಆಗದಿದ್ದರೆ ಪರಿಮಳದ ಎಣ್ಣೆಯನ್ನು ಸಂಶಯಿಸಿ. ಮತ್ತೆ ಕೆಂಪಾದರೆ ಎಳ್ಳೆಣ್ಣೆ ಅಥವಾ ಮೇಣದ ಕಡೆ ನೋಡಬೇಕು.